ಕೆಂಪಿಲ್ಲದ ನೆತ್ತರು

ಮೀನು ಕೊಳ್ಳುವವರ ಮೊದಲ ಪರೀಕ್ಷೆ ಕಿವಿರಿನದು. ಮಲ್ಪೆಯಾಗಲಿ ಕಾರವಾರವಾಗಲಿ, ಬುಟ್ಟಿಯ ಮುಂದೆ ಬಗ್ಗಿದವರು ಕಿವಿರಿನ ಮುಚ್ಚಳವನ್ನು ಬೆರಳಿನಿಂದ ಎತ್ತಿ ನೋಡುತ್ತಾರೆ. ಒಳಗೆ ಕೆಂಪಗಿದ್ದರೆ ಮೀನು ತಾಜಾ, ಬಿಳಿಚಿಕೊಂಡಿದ್ದರೆ ಪಕ್ಕದ ಬುಟ್ಟಿ. ಬಲೆಯಲ್ಲಿ ಇನ್ನೂ ಒದ್ದಾಡುತ್ತಿರುವಾಗಲೇ ಈ ಪರೀಕ್ಷೆಯಲ್ಲಿ ನಪಾಸಾಗುವ ಮೀನುಗಳು ಅಂಟಾರ್ಕ್ಟಿಕದ ಸುತ್ತಲಿನ ಕಡಲಿನಲ್ಲಿವೆ. ಅವುಗಳ ಕಿವಿರು ಕೆನೆಬಣ್ಣದ್ದು. ಕೊಯ್ದರೆ ಒಸರುವುದು ಬಣ್ಣವಿಲ್ಲದ, ನೀರಿನಂಥ ದ್ರವ. ಅದೇ ಅವುಗಳ ರಕ್ತ.

ಐಸ್‌ಫಿಶ್ ಎಂಬ ಹೆಸರಿನ ಈ ಕುಟುಂಬದಲ್ಲಿ ಇದುವರೆಗೆ ಗುರುತಿಸಿದ ಜಾತಿಗಳು ಸುಮಾರು 16. ಬೆನ್ನುಮೂಳೆಯಿರುವ ಸಾವಿರಾರು ಜಾತಿಯ ಪ್ರಾಣಿಗಳ ಪೈಕಿ, ಬೆಳೆದು ದೊಡ್ಡದಾದ ಮೇಲೂ ಹಿಮೋಗ್ಲೋಬಿನ್ ಇಲ್ಲದೆ ಬದುಕುವುದು ಇವು ಮಾತ್ರ. ಹಾವುಮೀನಿನ ಮರಿಗಳೂ ಕೆಲಕಾಲ ಕೆಂಪುರಕ್ತವಿಲ್ಲದೆ ಗಾಜಿನಂತೆ ತೇಲಾಡುತ್ತವೆ, ನಿಜ. ಆದರೆ ಬೆಳೆಯುತ್ತ ಅವುಗಳ ರಕ್ತ ಕೆಂಪಾಗುತ್ತದೆ. ಐಸ್‌ಫಿಶ್‌ಗೆ ಆ ಭಾಗ್ಯ ಕೊನೆಯವರೆಗೂ ಇಲ್ಲ.

ವಿಜ್ಞಾನಿಗಳಿಗಿಂತ ಮೊದಲು ಇದನ್ನು ಬಲ್ಲವರು ತಿಮಿಂಗಿಲ ಬೇಟೆಗಾರರು. ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಜಾರ್ಜಿಯಾ ದ್ವೀಪದ ಗ್ರಿಟ್ವಿಕೆನ್‌ನಲ್ಲಿ 1904ರಲ್ಲಿ ತಿಮಿಂಗಿಲ ಕೊಯ್ಯುವ ಕೇಂದ್ರ ಶುರುವಾಯಿತು. ನಾರ್ವೆಯಿಂದ ಬಂದ ಕೆಲಸಗಾರರು ಅಡುಗೆಗೆಂದು ಕೊಲ್ಲಿಯಲ್ಲಿ ಗಾಳ ಹಾಕುತ್ತಿದ್ದರು. ಮೊಸಳೆಯ ಮೂತಿಯ, ಹುರುಪೆಯಿಲ್ಲದ, ಮೈ ಅರೆಪಾರದರ್ಶಕವಾದ ಮೀನೊಂದು ಆಗಾಗ ಸಿಕ್ಕುತ್ತಿತ್ತು. ಅವರದನ್ನು ರಕ್ತವಿಲ್ಲದ ಮೀನು ಎಂದೇ ಕರೆದರು. ಹುರಿದು ತಿಂದರು, ಚೆನ್ನಾಗಿದೆ ಎಂದರು. ಬರೆದಿಡುವುದು ಅವರ ಕೆಲಸವಾಗಿರಲಿಲ್ಲ.

ಬರೆದಿಟ್ಟವರು ಡಿಟ್ಲೆಫ್ ರುಸ್ಟಾಡ್ ಎಂಬ ನಾರ್ವೆಯ ಪ್ರಾಣಿವಿಜ್ಞಾನಿ. 1927ರಲ್ಲಿ ‘ನಾರ್ವೇಜಿಯಾ’ ಹಡಗಿನ ಅನ್ವೇಷಣಾ ಯಾತ್ರೆಯಲ್ಲಿ, ಜನವಸತಿಯೇ ಇಲ್ಲದ ಬೂವೆ ದ್ವೀಪದ ಬಳಿ ಹಿಡಿದ ಇಂಥದೊಂದು ಮೀನಿನ ರಕ್ತಕ್ಕೆ ಬಣ್ಣವಿಲ್ಲ ಎಂದು ಅವರು ಟಿಪ್ಪಣಿ ಮಾಡಿಕೊಂಡರು, ಫೋಟೊ ತೆಗೆದರು. ಅದಾದ ಎರಡು ವರ್ಷಕ್ಕೆ ತಿಮಿಂಗಿಲ ಬೇಟೆಯ ಹಡಗಿನಲ್ಲಿ ದಕ್ಷಿಣಕ್ಕೆ ಹೋದ ಇನ್ನೊಬ್ಬ ತರುಣ ಜೀವವಿಜ್ಞಾನಿ ಯೋಹಾನ್ ರೂಡ್ ಅವರಿಗೆ ಹಡಗಿನ ಕೆಲಸಗಾರರೊಬ್ಬರು ಅದೇ ಮಾತು ಹೇಳಿದರು: ಇಲ್ಲಿ ರಕ್ತವೇ ಇಲ್ಲದ ಮೀನುಗಳಿವೆ. ಓದಿದವನ ಕಾಲೆಳೆಯುತ್ತಿದ್ದಾರೆ ಎಂದುಕೊಂಡು ರೂಡ್ ನಂಬಲಿಲ್ಲ. ನಂಬುವಂತೆ ಮಾಡಿದ್ದು ಊರಿಗೆ ಮರಳಿದ ಮೇಲೆ ರುಸ್ಟಾಡ್ ತೋರಿಸಿದ ಫೋಟೊ. ಆದರೂ ಆ ಮೀನಿನ ಬೆನ್ನುಹತ್ತಲು ಅವರಿಗೆ ಇನ್ನೆರಡು ದಶಕ ಹಿಡಿಯಿತು. 1953ರಲ್ಲಿ ಸೌತ್ ಜಾರ್ಜಿಯಾಕ್ಕೆ ಹೋಗಿ, ಜೀವಂತ ಮೀನಿನ ರಕ್ತ ತೆಗೆದು ಪರೀಕ್ಷಿಸಿದರು. ಕೆಂಪು ರಕ್ತಕಣಗಳಿಲ್ಲ, ಹಿಮೋಗ್ಲೋಬಿನ್ ಇಲ್ಲ. 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರ ವರದಿ ಬಂದಾಗ, ಅಡುಗೆಮನೆಯಲ್ಲಿ ಐವತ್ತು ವರ್ಷದಿಂದ ಗೊತ್ತಿದ್ದ ಸಂಗತಿಗೆ ಪ್ರಯೋಗಾಲಯದ ಮೊಹರು ಬಿತ್ತು.

ಇಲ್ಲಿ ಏನಿಲ್ಲ ಎಂಬುದರ ಗಾತ್ರ ತಿಳಿಯಬೇಕಾದರೆ ನಮ್ಮದೇ ಮೈಯನ್ನು ನೋಡಬೇಕು. ಮನುಷ್ಯನ ರಕ್ತದಲ್ಲಿ ಸಾಗುವ ಆಮ್ಲಜನಕದ ನೂರಕ್ಕೆ 98 ಪಾಲನ್ನು ಹೊರುವುದು ಹಿಮೋಗ್ಲೋಬಿನ್. ರಕ್ತದ ನೀರಿನಂಶದಲ್ಲಿ ನೇರವಾಗಿ ಕರಗಿ ಹೋಗುವುದು ಒಂದೋ ಎರಡೋ ಪಾಲು. ಐಸ್‌ಫಿಶ್ ಬದುಕುವುದು ಹೀಗೆ ಕರಗಿದ ಆ ಪುಡಿಗಾಸಿನ ಮೇಲೆಯೇ. ಅಷ್ಟೇ ರಕ್ತದಲ್ಲಿ, ಅದರ ಕೆಂಪುರಕ್ತದ ನೆಂಟ ಮೀನುಗಳು ಹೊರುವ ಆಮ್ಲಜನಕದ ಹತ್ತನೇ ಒಂದು ಪಾಲನ್ನೂ ಇದು ಹೊರಲಾರದು.

ಹಾಗಾದರೆ ಸಾಯುವುದಿಲ್ಲವೇಕೆ? ಉತ್ತರ ಮೀನಿನಲ್ಲಿ ಅರ್ಧ, ನೀರಿನಲ್ಲಿ ಅರ್ಧ.

ನೀರು ತಣ್ಣಗಾದಷ್ಟೂ ಹೆಚ್ಚು ಆಮ್ಲಜನಕವನ್ನು ಕರಗಿಸಿಕೊಳ್ಳುತ್ತದೆ. ಸಮುದ್ರದ ಉಪ್ಪುನೀರು ಹೆಪ್ಪುಗಟ್ಟುವುದು ಸೊನ್ನೆಗಿಂತ 1.9 ಡಿಗ್ರಿ ಸೆಲ್ಸಿಯಸ್ ಕೆಳಗೆ. ದಕ್ಷಿಣದ ಮಂಜುಗಡ್ಡೆಯ ಅಂಚಿನ ಕಡಲು ವರ್ಷದ ಬಹುಪಾಲು ಆ ಗೆರೆಯ ಹತ್ತಿರದಲ್ಲೇ ಇರುತ್ತದೆ. ಆ ನೀರಿನಲ್ಲಿ ಕರಗಿರುವ ಆಮ್ಲಜನಕ ನಮ್ಮ ಅರಬ್ಬಿ ಸಮುದ್ರದ ಬೆಚ್ಚನೆಯ ಮೇಲ್ಪದರಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಚಳಿಯಲ್ಲಿ ದೇಹದ ಬೇಡಿಕೆಯೂ ಇಳಿಯುತ್ತದೆ. ಕೊಡುವ ಕೈ ದೊಡ್ಡದು, ಬೇಡುವ ಬಾಯಿ ಚಿಕ್ಕದು.

ಮೀನಿನ ಪಾಲಿನ ಉತ್ತರವೆಂದರೆ ಅದರ ಹೃದಯ. ಸಣ್ಣ ಕೊಡದಲ್ಲಿ ನೀರು ಹೊರುವವರು ಬಾವಿಗೆ ಹೆಚ್ಚು ಸಲ ಎಡತಾಕಬೇಕಲ್ಲ, ಆ ಲೆಕ್ಕ. ಅದರ ಗಾತ್ರದ ಬೇರೆ ಮೀನುಗಳಿಗೆ ಹೋಲಿಸಿದರೆ ಐಸ್‌ಫಿಶ್ ಹೃದಯ ತೀರ ದೊಡ್ಡದು, ರಕ್ತನಾಳಗಳು ಅಗಲ, ರಕ್ತದ ಪ್ರಮಾಣ ಎರಡರಿಂದ ನಾಲ್ಕು ಪಟ್ಟು. ಕಣಗಳಿಲ್ಲದ ರಕ್ತ ತೆಳ್ಳಗಿರುವುದರಿಂದ ಕಡಿಮೆ ಒತ್ತಡದಲ್ಲಿ ಸರಾಗವಾಗಿ ಹರಿಯುತ್ತದೆ. ಹುರುಪೆಯಿಲ್ಲದ ಚರ್ಮದ ಮೂಲಕವೂ ಒಂದಿಷ್ಟು ಆಮ್ಲಜನಕ ಒಳಬರುತ್ತದೆ. ಕೇಳಲು ಅಚ್ಚುಕಟ್ಟಾದ ವ್ಯವಸ್ಥೆ. ಆದರೆ ಖರ್ಚಿನ ಪುಟ ತೆಗೆದು ನೋಡಿದರೆ ಬೇರೆಯೇ ಕಥೆ. ಸುಮ್ಮನೆ ಬಿದ್ದುಕೊಂಡಿದ್ದಾಗ ದೇಹ ವ್ಯಯಿಸುವ ಶಕ್ತಿಯಲ್ಲಿ ಐದನೇ ಒಂದು ಭಾಗದಷ್ಟು ಇಷ್ಟೊಂದು ರಕ್ತವನ್ನು ತಿರುಗಿಸುವುದಕ್ಕೇ ಹೋಗುತ್ತದೆ. ಮಾಮೂಲಿ ಮೀನಿಗೆ ಈ ಬಾಬತ್ತು ನೂರಕ್ಕೆ ಐದನ್ನು ದಾಟುವುದು ಅಪರೂಪ.

ಈ ಮೀನಿನ ಬಗ್ಗೆ ಬರುವ ಹೆಚ್ಚಿನ ಬರಹಗಳು ಇಲ್ಲಿ ಒಂದು ಹೆಜ್ಜೆ ತಪ್ಪಿಡುತ್ತವೆ ಎಂದು ನನಗನ್ನಿಸುತ್ತದೆ. ‘ಚಳಿಗೆ ಹೊಂದಿಕೊಳ್ಳಲು ಹಿಮೋಗ್ಲೋಬಿನನ್ನೇ ತ್ಯಜಿಸಿದ ಜಾಣ ಮೀನು’ ಎಂದು ಬರೆದುಬಿಡುತ್ತಾರೆ. ನಿಸರ್ಗದಲ್ಲಿ ಕಂಡದ್ದೆಲ್ಲ ಒಂದು ಸಾಧನೆಯೇ ಆಗಿರಬೇಕೆಂಬ ಹಟ ನಮಗೆ. ಅಮೆರಿಕದ ಬ್ರೂಸ್ ಸೈಡೆಲ್ ಮತ್ತು ಕ್ರಿಸ್ಟಿನ್ ಒಬ್ರಿಯನ್ 2006ರಲ್ಲಿ ಈ ಲೆಕ್ಕಪತ್ರವನ್ನೆಲ್ಲ ಮುಂದಿಟ್ಟುಕೊಂಡು ಉಲ್ಟಾ ವಾದ ಮಾಡಿದರು. ಹಿಮೋಗ್ಲೋಬಿನ್ ಹೋದದ್ದು ಲಾಭವಲ್ಲ, ನಷ್ಟ. ಯಾವುದೋ ಕಾಲದಲ್ಲಿ ಜೀನ್ ಕೆಟ್ಟಿತು. ಬೇರೆ ಯಾವ ಕಡಲಿನಲ್ಲಾಗಿದ್ದರೂ ಆ ವಂಶ ಅಲ್ಲಿಗೇ ಮುಗಿಯುತ್ತಿತ್ತು. ಆಮ್ಲಜನಕ ತುಂಬಿದ, ಪೈಪೋಟಿ ಕಡಿಮೆಯಿದ್ದ ತಣ್ಣನೆಯ ನೀರು ಈ ಊನವನ್ನು ಸಹಿಸಿಕೊಂಡಿತು. ದೊಡ್ಡ ಹೃದಯ, ಅಗಲ ನಾಳ ಎಲ್ಲವೂ ಅಪಘಾತವಾದ ಮೇಲೆ ಮಾಡಿಕೊಂಡ ಏರ್ಪಾಡು.

ಅಷ್ಟು ದೊಡ್ಡ ಏರ್ಪಾಡು ಅಷ್ಟು ಬೇಗ ಹೇಗಾಯಿತು ಎಂಬುದಕ್ಕೂ ಅವರ ಬಳಿ ಒಂದು ಸೊಗಸಾದ ಊಹೆಯಿದೆ. ರಕ್ತನಾಳಗಳನ್ನು ಹಿಗ್ಗಿಸುವ, ಹೊಸ ನಾಳಗಳ ಬೆಳವಣಿಗೆಗೆ ಕುಮ್ಮಕ್ಕು ಕೊಡುವ ನೈಟ್ರಿಕ್ ಆಕ್ಸೈಡ್ ಎಂಬ ಅಣು ಎಲ್ಲ ಮೀನುಗಳ ಮೈಯಲ್ಲೂ ತಯಾರಾಗುತ್ತಿರುತ್ತದೆ. ಅದನ್ನು ಕೂಡಲೇ ನಾಶಮಾಡುವ ಕೆಲಸವನ್ನೂ ಹಿಮೋಗ್ಲೋಬಿನ್ ಮಾಡುತ್ತದೆ. ಹಿಮೋಗ್ಲೋಬಿನ್ ಹೋದೊಡನೆ ಈ ಅಣುವಿಗೆ ಲಗಾಮು ತಪ್ಪಿತು. ನಾಳಗಳು ತಾವಾಗಿಯೇ ಹಿಗ್ಗಿದವು, ಹೃದಯ ಬೆಳೆಯಿತು. ಅಂದರೆ ರೋಗವೇ ಒಂದಿಷ್ಟು ಮದ್ದನ್ನೂ ಕೊಟ್ಟಿತು. ಇದು ಪೂರ್ತಿ ಸಾಬೀತಾದ ಮಾತಲ್ಲ. ಆದರೆ ಜಾಣ ಮೀನಿನ ಕಥೆಗಿಂತ ಇದು ಹೆಚ್ಚು ನಂಬುವಂತಿದೆ.

ನಷ್ಟದ ವಾದಕ್ಕೆ ಇನ್ನೊಂದು ಸಾಕ್ಷಿ ಹೃದಯದ ಸ್ನಾಯುವಿನಲ್ಲಿದೆ. ಅಲ್ಲಿ ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನ್ ಇರುತ್ತದೆ. ಐಸ್‌ಫಿಶ್ ಜಾತಿಗಳಲ್ಲಿ ಆರು ಅದನ್ನೂ ಕಳೆದುಕೊಂಡಿವೆ. ಒಂದೇ ಪೂರ್ವಜನಿಂದ ಬಂದ ಬಳುವಳಿಯೂ ಅಲ್ಲ, ಬೇರೆ ಬೇರೆ ಕವಲುಗಳಲ್ಲಿ ಬೇರೆ ಬೇರೆ ರೀತಿಯಲ್ಲಿ ಜೀನ್ ಕೈಕೊಟ್ಟಿದೆ. ಮಯೋಗ್ಲೋಬಿನ್ ಉಳಿಸಿಕೊಂಡ ಜಾತಿಯ ಹೃದಯ ಗುಲಾಬಿ, ಕಳೆದುಕೊಂಡದ್ದರದು ಬಿಳಿಹಳದಿ. ಪ್ರಯೋಗಾಲಯದಲ್ಲಿ ಎರಡನ್ನೂ ದುಡಿಸಿ ನೋಡಿದಾಗ ಗುಲಾಬಿ ಹೃದಯವೇ ಮೇಲು.

ಹಿಮೋಗ್ಲೋಬಿನ್ ಜೀನ್‌ಗಳ ಕಥೆಯಲ್ಲೂ ಅಳಿಸಿದ ಗುರುತುಗಳಿವೆ. ಈ ಪ್ರೋಟೀನಿಗೆ ಆಲ್ಫಾ, ಬೀಟಾ ಎಂಬ ಎರಡು ಬಗೆಯ ಎಳೆ ಬೇಕು. ಹೆಚ್ಚಿನ ಎಲ್ಲ ಐಸ್‌ಫಿಶ್‌ಗಳಲ್ಲಿ ಬೀಟಾದ ಜೀನ್ ಪೂರ್ತಿ ಮಾಯ, ಆಲ್ಫಾದ ಒಂದು ತುಂಡು ಮಾತ್ರ ಅನಾಥವಾಗಿ ಉಳಿದಿದೆ. ಒಂದೇ ಒಂದು ಜಾತಿಯಲ್ಲಿ ಎರಡೂ ಜೀನ್‌ಗಳ ಸಾಲು ಹೆಚ್ಚುಕಡಿಮೆ ಹಾಗೆಯೇ ಇದೆ, ಆದರೆ ಕೆಲಸಕ್ಕೆ ಬಾರದಂತೆ ಕೆಟ್ಟಿದೆ. ಆ ಮೀನಿನ ವೈಜ್ಞಾನಿಕ ಹೆಸರು ನಿಯೋಪಜೆಟಾಪ್ಸಿಸ್ ಅಯೋನಾ. ಬಳಕೆಯಲ್ಲಿ ಜೋನಾ ಐಸ್‌ಫಿಶ್. ಅದರ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕಳೆದುಕೊಂಡ ಮಾತಷ್ಟೇ ಆಡಿದರೆ ಈ ಮೀನುಗಳಿಗೆ ಅನ್ಯಾಯವಾದೀತು. ಅವು ಗಳಿಸಿಕೊಂಡದ್ದೂ ಒಂದಿದೆ. ಅದು ನಿಜಕ್ಕೂ ಬೆರಗಿನ ಗಳಿಕೆ.

ಮೀನಿನ ರಕ್ತದಲ್ಲಿ ಸಮುದ್ರದಷ್ಟು ಉಪ್ಪಿಲ್ಲ. ಹಾಗಾಗಿ ಸಮುದ್ರ ಹೆಪ್ಪುಗಟ್ಟುವುದಕ್ಕೆ ಮೊದಲೇ ಮೀನಿನ ರಕ್ತ ಹೆಪ್ಪುಗಟ್ಟಬೇಕು. 1961ರಲ್ಲಿ ಅಂಟಾರ್ಕ್ಟಿಕದ ಮೆಕ್‌ಮರ್ಡೊ ನೆಲೆಯಲ್ಲಿ ಚಳಿಗಾಲ ಕಳೆಯಲು ಹೋದ ಆರ್ಥರ್ ಡಿವ್ರೀಸ್ ಎಂಬ ತರುಣ, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುತ್ತ ಈ ಪ್ರಶ್ನೆಯನ್ನು ಹಿಡಿದುಕೊಂಡರು. ರಕ್ತದ ಉಪ್ಪಿನ ಲೆಕ್ಕ ಹಾಕಿದರೆ ಬೇಕಾದ ರಕ್ಷಣೆಯ ಸುಮಾರು ಅರ್ಧಕ್ಕಷ್ಟೇ ಸಾಲುತ್ತಿತ್ತು. ಉಳಿದರ್ಧದ ಮೂಲ ಸಕ್ಕರೆ ಅಂಟಿಕೊಂಡ ಒಂದು ಬಗೆಯ ಪ್ರೋಟೀನು ಎಂದು ಆ ದಶಕದ ಕೊನೆಯ ಹೊತ್ತಿಗೆ ಅವರು ತೋರಿಸಿದರು. ಕಾರಿನ ರೇಡಿಯೇಟರಿಗೆ ಹಾಕುವ ಆಂಟಿಫ್ರೀಜ್ ಕೆಲಸ ಮಾಡುವುದು ಅದರ ಪ್ರಮಾಣದಿಂದ. ಮೀನಿನದು ಹಾಗಲ್ಲ. ಮೈಯೊಳಗೆ ನುಸುಳಿದ ಕಣ್ಣಿಗೆ ಕಾಣದ ಮಂಜಿನ ಹರಳಿನ ಮೈಗೆ ಅದು ಅಂಟಿಕೊಂಡು ಹರಳು ಬೆಳೆಯದಂತೆ ತಡೆಯುತ್ತದೆ. ಹರಳು ಕರಗಿ ಹೋಗುವುದಿಲ್ಲ, ದೊಡ್ಡದೂ ಆಗುವುದಿಲ್ಲ.

ಕರಗದ ಆ ಹರಳುಗಳ ಗತಿಯೇನು? ಇದಕ್ಕೆ ಉತ್ತರ ಸಿಗಲು 2014 ಬರಬೇಕಾಯಿತು. ಪಾಲ್ ಸೀಕೊ ಮತ್ತು ಸಂಗಡಿಗರು ಕಂಡಂತೆ, ಈ ಪ್ರೋಟೀನು ಹರಳನ್ನು ಬೆಳೆಯಲು ಬಿಡದಂತೆಯೇ ಕರಗಲೂ ಬಿಡುವುದಿಲ್ಲ. ಬೇಸಿಗೆಯಲ್ಲಿ ನೀರು ಕೊಂಚ ಬೆಚ್ಚಗಾಗಿ, ಮಾಮೂಲಿ ಮಂಜು ಕರಗಬೇಕಾದ ಉಷ್ಣತೆ ದಾಟಿದರೂ ಮೀನಿನ ಮೈಯೊಳಗಿನ ಹರಳು ಹಾಗೆಯೇ ಕೂತಿರುತ್ತದೆ. ಪ್ರಾಣ ಕಾಪಾಡಿದ ವಸ್ತುವೇ ಮೀನನ್ನು ಜೀವನಪರ್ಯಂತ ಮಂಜು ಹೊತ್ತು ತಿರುಗುವಂತೆ ಮಾಡಿದೆ. ಐಸ್‌ಫಿಶ್ ಮಾತ್ರವಲ್ಲ, ಅದರ ಕೆಂಪುರಕ್ತದ ನೆಂಟರೂ ಈ ಹೊರೆಯಲ್ಲಿ ಪಾಲುದಾರರು.

ಆ ಪ್ರೋಟೀನಿನ ಜೀನ್ ಬಂದದ್ದೆಲ್ಲಿಂದ ಎಂಬುದು 1997ರಲ್ಲಿ ತಿಳಿಯಿತು. ಮೇದೋಜೀರಕ ಗ್ರಂಥಿ ಆಹಾರ ಅರಗಿಸಲು ತಯಾರಿಸುವ ಟ್ರಿಪ್ಸಿನೋಜೆನ್‌ನ ಜೀನೇ ಮುರಿದು, ಅದರ ಒಂದು ಚೂರು ಮತ್ತೆ ಮತ್ತೆ ಪ್ರತಿಯಾಗಿ ಈ ಹೊಸ ಜೀನ್ ಹುಟ್ಟಿದೆ. ಇದನ್ನು ಪತ್ತೆಮಾಡಿದ ಸಂಶೋಧಕರ ಗುಂಪೇ ಅದೇ ವರ್ಷ ಇನ್ನೊಂದು ವಿಚಿತ್ರವನ್ನೂ ಹೊರಗೆಡವಿತು. ಭೂಮಿಯ ಇನ್ನೊಂದು ತುದಿಯಲ್ಲಿ, ಆರ್ಕ್ಟಿಕ್‌ನ ಕಾಡ್ ಮೀನಿನಲ್ಲಿ, ಹೆಚ್ಚುಕಡಿಮೆ ಇದೇ ಪ್ರೋಟೀನು ಇದೆ. ಆದರೆ ಅದರ ಜೀನ್ ಬಂದ ದಾರಿಯೇ ಬೇರೆ. ಎರಡು ಧ್ರುವಗಳ ಮೀನುಗಳು ಒಂದಕ್ಕೊಂದು ಸುಳಿವೇ ಇಲ್ಲದೆ ಒಂದೇ ಉತ್ತರಕ್ಕೆ ಬಂದಿವೆ.

ಐಸ್‌ಫಿಶ್ ಸೇರಿದ ದೊಡ್ಡ ಬಳಗಕ್ಕೆ ನೊಟೊಥೀನಿಯಾಯ್ಡ್ ಎಂದು ಹೆಸರು. ದಕ್ಷಿಣ ಅಮೆರಿಕದಿಂದ ಅಂಟಾರ್ಕ್ಟಿಕ ಬೇರ್ಪಟ್ಟು ನಡುವೆ ಡ್ರೇಕ್ ಜಲಮಾರ್ಗ ತೆರೆದುಕೊಂಡ ಮೇಲೆ, ಖಂಡವನ್ನು ಸುತ್ತುವರಿದು ಹರಿಯುವ ಮಹಾಪ್ರವಾಹ ಹುಟ್ಟಿತು. ಇವತ್ತು ಅದು ಸೆಕೆಂಡಿಗೆ ಹತ್ತು ಕೋಟಿ ಘನ ಮೀಟರಿಗಿಂತ ಹೆಚ್ಚು ನೀರನ್ನು ಸಾಗಿಸುತ್ತದೆ. ಉತ್ತರದ ಬೆಚ್ಚನೆಯ ನೀರು ಒಳಬರಲಾರದೆ ಕಡಲು ತಣ್ಣಗಾಯಿತು. ಹಳೆಯ ಮೀನುಗಳು ಅಳಿದವು. ಗಾಳಿಚೀಲವೂ ಇಲ್ಲದೆ ತಳದಲ್ಲಿ ತೆವಳುತ್ತಿದ್ದ ಈ ಬಳಗ ಆಂಟಿಫ್ರೀಜ್ ಬಲದಿಂದ ಉಳಿಯಿತು, ಖಾಲಿಯಾದ ಮನೆಗಳನ್ನೆಲ್ಲ ತುಂಬಿತು. ಖಂಡದಂಚಿನ ಕಡಲಿನಲ್ಲಿರುವ ಮೀನನ್ನೆಲ್ಲ ತೂಗಿದರೆ ಹತ್ತರಲ್ಲಿ ಒಂಬತ್ತು ಪಾಲು ಈ ಒಂದೇ ಬಳಗದ್ದು. ಭಾರತದ ‘ಭಾರತಿ’ ನೆಲೆ ನಿಂತಿರುವ ಲಾರ್ಸೆಮನ್ ಬೆಟ್ಟಗಳ ಮುಂದಿನ ಪ್ರಿಡ್ಜ್ ಕೊಲ್ಲಿಯಲ್ಲೂ ಇವುಗಳದೇ ರಾಜ್ಯ.

ಇನ್ನು ಜೋನಾ ಐಸ್‌ಫಿಶ್. 2021ರ ಫೆಬ್ರುವರಿಯಲ್ಲಿ ಜರ್ಮನಿಯ ‘ಪೋಲಾರ್‌ಸ್ಟರ್ನ್’ ಹಡಗು ವೆಡೆಲ್ ಕಡಲಿನ ದಕ್ಷಿಣದ ತುದಿಯಲ್ಲಿ, ಫಿಲ್ಶ್‌ನರ್ ಹಿಮಚಾಚಿನ ಹತ್ತಿರ, ಮಂಜುಗಡ್ಡೆ ಸೀಳುತ್ತ ಸಾಗುತ್ತಿತ್ತು. ಹಿಂದೆ ಉದ್ದದ ಕೇಬಲ್ಲಿಗೆ ಕಟ್ಟಿದ, ಸುಮಾರು ಒಂದು ಟನ್ ತೂಕದ ಕ್ಯಾಮೆರಾ ಚೌಕಟ್ಟು ಸಮುದ್ರತಳದಿಂದ ಒಂದೆರಡು ಮೀಟರ್ ಮೇಲೆ ತೇಲುತ್ತ ಬರುತ್ತಿತ್ತು. ಆಳ 420ರಿಂದ 535 ಮೀಟರ್. ಪರದೆಯ ಮೇಲೆ ಒಂದು ದುಂಡನೆಯ ಗುಳಿ ಕಂಡಿತು, ನಡುವೆ ಒಂದು ಮೀನು. ಇನ್ನೊಂದು ಗುಳಿ, ಇನ್ನೊಂದು ಮೀನು. ಗಂಟೆಗಟ್ಟಲೆ ಎಳೆದರೂ ಗುಳಿಗಳು ಮುಗಿಯಲೇ ಇಲ್ಲ.

ಅವೆಲ್ಲ ಗೂಡುಗಳು. ಮುಕ್ಕಾಲು ಮೀಟರ್ ಅಗಲ, ಒಂದು ಗೇಣಿಗಿಂತ ಕಡಿಮೆ ಆಳ. ಹೂಳನ್ನು ಸರಿಸಿ, ತಳದಲ್ಲಿ ಸಣ್ಣ ಕಲ್ಲುಗಳು ಕಾಣುವಂತೆ ಗುಡಿಸಿಟ್ಟದ್ದು. ಪ್ರತಿಯೊಂದರಲ್ಲೂ ಸರಾಸರಿ 1,700ಕ್ಕೂ ಹೆಚ್ಚು ಮೊಟ್ಟೆ, ಬಹುಪಾಲು ಗೂಡುಗಳ ಮೇಲೆ ಕಾವಲಿಗೆ ಒಂದೊಂದು ದೊಡ್ಡ ಮೀನು. ಕ್ಯಾಮೆರಾಕ್ಕೆ ಸಿಕ್ಕಿದ್ದು ಹದಿನಾರು ಸಾವಿರದಷ್ಟು ಗೂಡು. ಅದರ ಆಧಾರದ ಮೇಲೆ ಔಟನ್ ಪರ್ಸರ್ ಮತ್ತು ತಂಡ 2022ರ ಜನವರಿಯಲ್ಲಿ ಪ್ರಕಟಿಸಿದ ಅಂದಾಜು: 240 ಚದರ ಕಿಲೋಮೀಟರ್ ವಿಸ್ತಾರ, 6 ಕೋಟಿ ಗೂಡು. ಅಷ್ಟು ದೊಡ್ಡ ಮೀನಿನ ವಸಾಹತು ಬೇರೆಲ್ಲೂ ಕಂಡಿರಲಿಲ್ಲ. ರಕ್ತದ ವಿಷಯದಲ್ಲಿ ದಿವಾಳಿಯೆದ್ದ ವಂಶವೊಂದು ಜನಸಂಖ್ಯೆಯಲ್ಲಿ ಹೀಗೆ ಕೊಬ್ಬಿತ್ತು. ಊನವಿದ್ದರೆ ಸೋಲು ಖಚಿತ ಎಂಬ ನಮ್ಮ ಸರಳ ತರ್ಕ ಇಲ್ಲಿ ನಡೆಯುವುದಿಲ್ಲ.

ಗೂಡಿನ ಜಾಗದ ಆಯ್ಕೆ ಇನ್ನೂ ಕುತೂಹಲದ್ದು. ಆಳದಿಂದ ಏರಿಬರುವ, ಸುತ್ತಲಿನ ತಳದ ನೀರಿಗಿಂತ ಎರಡು ಡಿಗ್ರಿಯವರೆಗೆ ಬೆಚ್ಚಗಿರುವ ಹರಿವು ಎಲ್ಲಿ ನೆಲ ಸವರುತ್ತದೋ ಅಲ್ಲಿ ಗೂಡುಗಳಿವೆ. ಆ ಬಿಸುಪು ನಮ್ಮ ಲೆಕ್ಕಕ್ಕೆ ಕೊರೆಯುವ ಚಳಿಯೇ. ಆದರೂ ಗೂಡುಗಳ ಗಡಿ ಆ ನೀರಿನ ಗಡಿಯನ್ನೇ ಹೋಲುತ್ತದೆ. ಈ ಗುಟ್ಟು ವೆಡೆಲ್ ಸೀಲ್‌ಗಳಿಗೆ ಮೊದಲೇ ತಿಳಿದಿತ್ತು. ಹಿಂದಿನ ವರ್ಷಗಳಲ್ಲಿ ಅವುಗಳ ಮೈಗೆ ಕಟ್ಟಿದ್ದ ಉಪಕರಣಗಳ ದಾಖಲೆ ತೆಗೆದು ನೋಡಿದರೆ, ಅವು ಮತ್ತೆ ಮತ್ತೆ ಮುಳುಗಿದ್ದು ಇದೇ ಜಾಗದಲ್ಲಿ.

ಇಂಥ ಜಾಗ ಮನುಷ್ಯನ ಕಣ್ಣಿಗೆ ಬಿದ್ದಾಗ ಏನಾಗುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆಗಳಿವೆ. ಸೌತ್ ಜಾರ್ಜಿಯಾ ಸುತ್ತ 1969-70ರ ಒಂದೇ ಹಂಗಾಮಿನಲ್ಲಿ ಸೋವಿಯತ್ ಹಡಗುಗಳು ಸುಮಾರು 4 ಲಕ್ಷ ಟನ್ ಮಾರ್ಬಲ್ಡ್ ರಾಕ್‌ಕಾಡ್ ಬಾಚಿದವು. ಅದೂ ಇದೇ ಬಳಗದ ಮೀನು. ಮರುವರ್ಷ ಸಿಕ್ಕಿದ್ದು ಅದರ ಕಾಲುಭಾಗ. ಆಮೇಲೆ ಬಲೆ ತಿರುಗಿದ್ದು ಮ್ಯಾಕರೆಲ್ ಐಸ್‌ಫಿಶ್ ಕಡೆಗೆ, ಅದೂ 1990ರ ಹೊತ್ತಿಗೆ ನೆಲಕಚ್ಚಿತು. ದಕ್ಷಿಣ ಕಡಲಿನ ಜೀವಸಂಪತ್ತನ್ನು ಕಾಯಲು 1982ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತವೂ ಸದಸ್ಯ. ವೆಡೆಲ್ ಕಡಲನ್ನು ಸಂರಕ್ಷಿತ ವಲಯವೆಂದು ಘೋಷಿಸಬೇಕೆಂಬ ಐರೋಪ್ಯ ಒಕ್ಕೂಟದ ಪ್ರಸ್ತಾವಕ್ಕೆ 2021ರ ಸೆಪ್ಟೆಂಬರಿನಲ್ಲಿ ಭಾರತ ಬೆಂಬಲ ಸೂಚಿಸಿತು, ಗೂಡುಗಳ ಸುದ್ದಿ ಪ್ರಕಟವಾಗುವುದಕ್ಕೆ ನಾಲ್ಕು ತಿಂಗಳು ಮೊದಲು. ಆದರೆ ಆ ಒಪ್ಪಂದದಡಿ ಬಹುಮತಕ್ಕೆ ಬೆಲೆಯಿಲ್ಲ, ಎಲ್ಲರೂ ಒಪ್ಪಬೇಕು. ರಷ್ಯಾ ಮತ್ತು ಚೀನಾದ ತಕರಾರಿನಿಂದ ಕಡತ ಹೋಬಾರ್ಟ್‌ನಲ್ಲಿ ನಡೆಯುವ ಒಪ್ಪಂದದ ಸಭೆಗಳಲ್ಲಿ ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತಲೇ ಇದೆ.

ಬಲೆಗಿಂತ ನಿಧಾನವಾದ, ತಡೆಯಲು ಇನ್ನೂ ಕಷ್ಟವಾದ ಅಪಾಯ ನೀರಿನ ಬಿಸಿ. ಮೆಕ್‌ಮರ್ಡೊದ ಮೀನುಗಳನ್ನು ಜಾರ್ಜ್ ಸೊಮೆರೊ ಮತ್ತು ಡಿವ್ರೀಸ್ 1967ರಲ್ಲಿ ಪರೀಕ್ಷಿಸಿದಾಗ, ಅವು ಸುಮಾರು 6 ಡಿಗ್ರಿಯಲ್ಲೇ ಸತ್ತವು. ನಮ್ಮ ಫ್ರಿಜ್ಜಿನೊಳಗಿನ ಉಷ್ಣತೆ ಅದು. ಅವು ಕೆಂಪುರಕ್ತದ ಮೀನುಗಳು. ಐಸ್‌ಫಿಶ್ ತಾಳಿಕೆ ಅವಕ್ಕಿಂತಲೂ ಕಡಿಮೆ ಎಂದು ನಂತರದ ಪ್ರಯೋಗಗಳು ತೋರಿಸಿವೆ. ಬಿಸಿಯಾದ ನೀರು ಆಮ್ಲಜನಕ ಕೊಡುವುದು ಕಡಿಮೆ, ದೇಹ ಕೇಳುವುದು ಹೆಚ್ಚು. ಹಿಮೋಗ್ಲೋಬಿನ್ ಇದ್ದವರಿಗೆ ಒಂದಿಷ್ಟು ಉಳಿತಾಯವಿರುತ್ತದೆ. ಇವಕ್ಕೆ ಅದಿಲ್ಲ, ಈಗಾಗಲೇ ಹೃದಯ ಕೈಲಾದಷ್ಟೂ ದುಡಿಯುತ್ತಿದೆ.

ಇಷ್ಟು ಹೇಳಿ ‘ಐಸ್‌ಫಿಶ್ ಚಳಿಯ ಕೈದಿ’ ಎಂದು ಮುಗಿಸಬಹುದಿತ್ತು, ಆ ಸೆರೆಯಿಂದ ತಪ್ಪಿಸಿಕೊಂಡ ಒಂದು ಜಾತಿ ಇಲ್ಲದಿದ್ದರೆ. ದಕ್ಷಿಣ ಅಮೆರಿಕದ ತುದಿಯಲ್ಲಿ, ಮೆಗಲನ್ ಜಲಸಂಧಿ ಮತ್ತು ಫಾಕ್‌ಲ್ಯಾಂಡ್ ದ್ವೀಪಗಳ ಸುತ್ತ ಬದುಕುವ ಪೈಕ್ ಐಸ್‌ಫಿಶ್‌ಗೆ ಮಂಜುಗಡ್ಡೆಯ ಸಹವಾಸವಿಲ್ಲ. ಇದರ ಪೂರ್ವಜರು ಮಹಾಪ್ರವಾಹವನ್ನು ದಾಟಿ ಉತ್ತರದ ಹಿತವಾದ ನೀರಿಗೆ ಬಂದು ನೆಲೆಸಿದವರು. ಇದರ ಪೂರ್ತಿ ಜೀನ್ ಸಾಲನ್ನು ಓದಿದ ಅಧ್ಯಯನ 2023ರಲ್ಲಿ ಬಂದಿದೆ. ಬೇಡವಾದ ಆಂಟಿಫ್ರೀಜ್ ಜೀನ್‌ಗಳು ಇದರಲ್ಲಿ ಕೆಟ್ಟು ಮೂಲೆಗೆ ಬಿದ್ದಿವೆ. ಬೇಕಾಗಿದ್ದ ಹಿಮೋಗ್ಲೋಬಿನ್ ಮಾತ್ರ ಮರಳಿ ಬಂದಿಲ್ಲ. ಅದು ಬರುವ ದಾರಿಯೂ ಇಲ್ಲ, ತಿದ್ದಲು ಬೀಟಾದ ಜೀನೇ ಉಳಿದಿಲ್ಲ. ಬಿಳಿರಕ್ತ ಇಟ್ಟುಕೊಂಡೇ, ಜೀವಕೋಶದೊಳಗಿನ ಶಕ್ತಿಯ ವ್ಯವಸ್ಥೆಯನ್ನು ಹೊಸ ನೀರಿಗೆ ತಕ್ಕಂತೆ ಹದಗೊಳಿಸಿಕೊಂಡು ಅದು ಬದುಕಿದೆ. ಅಂದರೆ ಬೆಚ್ಚನೆಯ ನೀರಿಗೆ ಒಗ್ಗುವುದು ಈ ವಂಶಕ್ಕೆ ಅಸಾಧ್ಯವೇನಲ್ಲ, ಕಾಲ ಬೇಕು. ಪೈಕ್ ಐಸ್‌ಫಿಶ್‌ಗೆ ಸಿಕ್ಕಿದ್ದು ಹತ್ತಿಪ್ಪತ್ತು ಲಕ್ಷ ವರ್ಷ. ಅದರ ನೆಂಟರು ಇವತ್ತೂ ವಾಸವಾಗಿರುವ ಅಂಟಾರ್ಕ್ಟಿಕ ಪರ್ಯಾಯದ್ವೀಪದ ಪಶ್ಚಿಮದ ಕಡಲಿನಲ್ಲಿ, ಬೇಸಿಗೆಯ ಮೇಲ್ಪದರದ ನೀರು ಇಪ್ಪತ್ತನೇ ಶತಮಾನದ ಉತ್ತರಾರ್ಧವೊಂದರಲ್ಲೇ ಒಂದು ಡಿಗ್ರಿಗೂ ಹೆಚ್ಚು ಬಿಸಿಯಾಗಿದೆ.